ಹೆರಿಗೆ, ಸೆರೆಬ್ರಲ್ ಪಾಲ್ಸಿ ಮತ್ತು ಕೋರ್ಟು: ಒಂದು ಹಳೆಯ ಜಗಳದ ಕಥೆ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ :)

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಇಂಜಿನಿಯರಿಂಗ್ ಓದಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದರೆ ನಮ್ಮ ಚಿಕ್ಕಮ್ಮನ ಮಗಳ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಯಾವ ಮದುವೆ-ಮುಂಜಿಗೆ ಹೋದರೂ ಒಬ್ಬರು "ಹೆರಿಗೆಯಲ್ಲೇ ಏನೋ ಎಡವಟ್ಟಾಗಿದೆ, ಕೇಸು ಹಾಕಬೇಕಿತ್ತು" ಅಂತಾರೆ. ಇನ್ನೊಬ್ಬರು "ಹಣೆಬರಹ, ಯಾರೇನು ಮಾಡೋಕಾಗುತ್ತೆ" ಅಂತ ಎಲೆ ಮೇಲಿನ ಹೋಳಿಗೆ ಮುರೀತಾರೆ. ಈ ಎರಡು ಮಾತುಗಳ ನಡುವೆ ಏನಾದರೂ ಇದೆಯಾ ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ನೂರ ಅರವತ್ತು ವರ್ಷ ದಾಟಿದ ಒಂದು ಜಗಳ. ಡಾಕ್ಟರರೊಳಗೆ ಶುರುವಾಗಿ ಕೋರ್ಟಿಗೆ ಬಂದು, ಅಲ್ಲಿಂದ ಶಾಸನಸಭೆಗೂ ಹೋದ ಜಗಳ. ಅದನ್ನೇ ಇಲ್ಲಿ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ ಎರಡು ಸಾಲು. ಸೆರೆಬ್ರಲ್ ಪಾಲ್ಸಿ (ಇನ್ನು ಮುಂದೆ ಸಿಪಿ ಅಂತ ಕರೆಯೋಣ) ಒಂದು ರೋಗ ಅನ್ನೋದಕ್ಕಿಂತ ಒಂದು ಸ್ಥಿತಿ. ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಹಾನಿಯಾಗಿ ಮಗುವಿನ ಚಲನೆ, ಭಂಗಿ, ಎಷ್ಟೋ ಸಲ ಮಾತು ಕೂಡ ಹಿಡಿತಕ್ಕೆ ಸಿಗದೆ ಹೋಗೋದು. ಆದ ಹಾನಿ ಹೆಚ್ಚುತ್ತಾ ಹೋಗೋದಿಲ್ಲ, ಆದರೆ ವಾಸಿಯೂ ಆಗೋದಿಲ್ಲ. ಕೈಕಾಲು ಮಾತು ಕೇಳದಿದ್ದರೂ ಬುದ್ಧಿ ಪೂರ್ತಿ ಚುರುಕಾಗಿರೋ ಮಕ್ಕಳು ಇವರಲ್ಲಿ ಬೇಕಾದಷ್ಟಿದ್ದಾರೆ.

ಲಿಟಲ್ ಸಾಹೇಬರು ಹೇಳಿದ್ದು, ಫ್ರಾಯ್ಡ್ ತಗಾದೆ ತೆಗೆದದ್ದು

1861ರ ಅಕ್ಟೋಬರ್ 2. ಲಂಡನ್ನಿನ ಅಬ್‌ಸ್ಟೆಟ್ರಿಕಲ್ ಸೊಸೈಟಿಯಲ್ಲಿ ವಿಲಿಯಂ ಜಾನ್ ಲಿಟಲ್ ಅನ್ನೋ ಸರ್ಜನ್ ಒಂದು ಪ್ರಬಂಧ ಓದಿದರು. ಈ ಮನುಷ್ಯ ಚಿಕ್ಕಂದಿನಲ್ಲಿ ತಾವೇ ಸೊಟ್ಟ ಪಾದದಿಂದ ನರಳಿದವರು. 1836ರಲ್ಲಿ ಜರ್ಮನಿಗೆ ಹೋಗಿ ಸ್ಟ್ರೋಮೇಯರ್ ಅನ್ನೋ ವೈದ್ಯರಿಂದ ಆಪರೇಷನ್ ಮಾಡಿಸಿಕೊಂಡು ಬಂದು, ಅದೇ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಹರಡಿದರು. ಅವತ್ತು ಅವರು ಹೇಳಿದ್ದರ ಸಾರ ಇಷ್ಟು: ಕಷ್ಟದ ಹೆರಿಗೆ, ಅವಧಿಗೆ ಮುಂಚಿನ ಹೆರಿಗೆ, ಹುಟ್ಟುವಾಗ ಉಸಿರು ಕಟ್ಟೋದು, ಇವುಗಳಿಂದ ಮಗುವಿನ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಳ್ಳಬಹುದು. ಷೇಕ್ಸ್‌ಪಿಯರನ ಮೂರನೇ ರಿಚರ್ಡ್ ಪಾತ್ರವನ್ನೂ ಉದಾಹರಣೆಗೆ ಎಳೆದು ತಂದಿದ್ದರಂತೆ. ಮುಂದೆ ಬಹಳ ಕಾಲ ಈ ಸ್ಥಿತಿಗೆ 'ಲಿಟಲ್‌ನ ಕಾಯಿಲೆ' ಅಂತಲೇ ಹೆಸರಿತ್ತು.

ಹುಟ್ಟುವಾಗ ಉಸಿರು ಕಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಏನೂ ಆಗದೆ ಚೇತರಿಸಿಕೊಳ್ಳುತ್ತಾರೆ ಅಂತಲೂ ಲಿಟಲ್ ಅದೇ ಪ್ರಬಂಧದಲ್ಲಿ ಹೇಳಿದ್ದರು. ಆದರೆ ಜನಕ್ಕೆ ನೆನಪುಳಿದದ್ದು ಮೊದಲ ಅರ್ಧ ಮಾತ್ರ!

ಮುಂದೆ 1897ರಲ್ಲಿ ವಿಯೆನ್ನಾದ ಒಬ್ಬ ನರವೈದ್ಯರು ಮಕ್ಕಳ ಸಿಪಿ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅವರ ಹೆಸರು ಸಿಗ್ಮಂಡ್ ಫ್ರಾಯ್ಡ್. ಹೌದು, ಕನಸು, ಸುಪ್ತಮನಸ್ಸು ಅಂತೆಲ್ಲ ಬರೆದ ಅದೇ ಫ್ರಾಯ್ಡ್. ಆ ದಾರಿ ಹಿಡಿಯೋಕೆ ಮುಂಚೆ ಅವರು ಮಕ್ಕಳ ಆಸ್ಪತ್ರೆಯಲ್ಲಿ ನರರೋಗ ನೋಡುತ್ತಿದ್ದರು. ಫ್ರಾಯ್ಡ್ ಎತ್ತಿದ ತಗಾದೆ ಇದು: ಕಷ್ಟದ ಹೆರಿಗೆಯಿಂದ ಮಿದುಳು ಕೆಟ್ಟಿತು ಅಂತ ಯಾಕೆ ಅಂದುಕೊಳ್ಳಬೇಕು? ಗರ್ಭದಲ್ಲೇ ಮಗುವಿಗೆ ಏನೋ ತೊಂದರೆಯಾಗಿ, ಅದರಿಂದಲೇ ಹೆರಿಗೆಯೂ ಕಷ್ಟವಾಗಿರಬಹುದಲ್ಲ?

ನಮ್ಮ ಫೀಲ್ಡಿನವರಿಗೆ ಇದು ಚೆನ್ನಾಗಿ ಗೊತ್ತಿರೋ ತಲೆನೋವು. ಸರ್ವರ್ ಬಿದ್ದಾಗ ಸಿಪಿಯು ನೂರು ಪರ್ಸೆಂಟ್ ಇತ್ತು. ಸಿಪಿಯು ಏರಿದ್ದಕ್ಕೆ ಸರ್ವರ್ ಬಿತ್ತಾ, ಅಥವಾ ಎರಡಕ್ಕೂ ಮೂಲ ಬೇರೆ ಎಲ್ಲೋ ಇತ್ತಾ? ಎರಡು ಘಟನೆ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣ ಆಗೋದಿಲ್ಲ. ಫ್ರಾಯ್ಡ್ ಕೇಳಿದ್ದು ಇದನ್ನೇ. ಆದರೆ ಅವರ ಮಾತನ್ನು ಸುಮಾರು ಎಂಬತ್ತು-ತೊಂಬತ್ತು ವರ್ಷ ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ವೈದ್ಯರು, ವಕೀಲರು, ಅಪ್ಪ-ಅಮ್ಮಂದಿರು ಎಲ್ಲರೂ ಲಿಟಲ್ ಪಕ್ಷ.

ಜಗಳ ಕೋರ್ಟಿಗೆ ಬಂತು

ಕೋರ್ಟಿನಲ್ಲಿ ಪರಿಹಾರ ಗೆಲ್ಲಬೇಕಾದರೆ ಎರಡು ಗೋಡೆ ಹತ್ತಬೇಕು. ಒಂದು, ಡಾಕ್ಟರು ಮಾಡಿದ್ದು ನಿರ್ಲಕ್ಷ್ಯ ಅಂತ ತೋರಿಸಬೇಕು. ಎರಡು, ಆ ನಿರ್ಲಕ್ಷ್ಯದಿಂದಲೇ ಮಗುವಿಗೆ ಹೀಗಾಯಿತು ಅಂತ ತೋರಿಸಬೇಕು. ಒಂದು ಹತ್ತಿ ಇನ್ನೊಂದು ಹತ್ತದಿದ್ದರೆ ಸಿಗೋದು ಸೊನ್ನೆ. ಅರ್ಧ ಮಾರ್ಕ್ಸ್ ಅನ್ನೋದು ಇಲ್ಲಿಲ್ಲ.

ಮೊದಲ ಗೋಡೆಯನ್ನು ಕಟ್ಟಿದ್ದು ಇಂಗ್ಲೆಂಡಿನ 1957ರ ಬೋಲಮ್ ಕೇಸು. ಅದು ಹೆರಿಗೆಯ ಕೇಸಲ್ಲ, ಮಾನಸಿಕ ರೋಗಿಗೆ ವಿದ್ಯುತ್ ಶಾಕ್ ಕೊಡುವಾಗ ಮೂಳೆ ಮುರಿದ ಕೇಸು. ಅಲ್ಲಿ ಹುಟ್ಟಿದ ನಿಯಮ: ಆ ಕ್ಷೇತ್ರದ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಅನ್ನುವಂಥದ್ದನ್ನು ಮಾಡಿದ್ದರೆ ಅದು ನಿರ್ಲಕ್ಷ್ಯವಲ್ಲ, ಇನ್ನೊಂದು ಗುಂಪು ತಪ್ಪು ಅಂದರೂ ಸಹ. ಇದು ಇಂಗ್ಲೆಂಡಿನಿಂದ ನಮ್ಮ ದೇಶಕ್ಕೂ ಬಂದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಹೆರಿಗೆ ವಿಷಯದಲ್ಲಿ ಇದರ ಬಿಸಿ ಮುಟ್ಟಿದ್ದು ವೈಟ್‌ಹೌಸ್ ವಿರುದ್ಧ ಜೋರ್ಡನ್ ಕೇಸಿನಲ್ಲಿ. 1970ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಮಗು ಹುಟ್ಟಿತು. ಡಾಕ್ಟರು ಫೋರ್ಸೆಪ್ಸ್ ಹಾಕಿ ಎಳೆದು ನೋಡಿ, ಆಗದಿದ್ದಾಗ ಸಿಸೇರಿಯನ್ ಮಾಡಿದರು. ಮಗುವಿನ ಮಿದುಳಿಗೆ ತೀವ್ರ ಹಾನಿಯಾಗಿತ್ತು. ಅತಿಯಾಗಿ, ಜೋರಾಗಿ ಎಳೆದರು ಅನ್ನೋದು ತಾಯಿಯ ವಾದ. ಕೆಳಗಿನ ಕೋರ್ಟು ಒಪ್ಪಿ 1 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಮೇಲ್ಮನವಿಯಲ್ಲಿ ಲಾರ್ಡ್ ಡೆನ್ನಿಂಗ್ ಇದ್ದ ಪೀಠ ಅದನ್ನು ಕಿತ್ತುಹಾಕಿತು. ವೈದ್ಯರ ನಿರ್ಣಯದಲ್ಲಾಗುವ ತಪ್ಪು ನಿರ್ಲಕ್ಷ್ಯವಲ್ಲ ಅಂತ ಡೆನ್ನಿಂಗ್ ಅಭಿಪ್ರಾಯ. 1980ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ "ಹಾಗೆ ಸಾರಾಸಗಟಾಗಿ ಹೇಳೋಕಾಗಲ್ಲ, ಎಂಥ ತಪ್ಪು ಅಂತ ನೋಡಬೇಕು" ಅನ್ನುವ ಅರ್ಥದಲ್ಲಿ ಡೆನ್ನಿಂಗ್ ಮಾತನ್ನು ತಿದ್ದಿತು. ಆದರೆ ಈ ಕೇಸಿನಲ್ಲಿ ಸಾಕ್ಷ್ಯ ಸಾಲದು ಅಂತ ಡಾಕ್ಟರ ಪರವೇ ತೀರ್ಪಾಯಿತು.

ಇಸವಿಗಳನ್ನು ಇನ್ನೊಮ್ಮೆ ನೋಡಿ. ಹುಟ್ಟಿದ್ದು 1970, ಕೊನೆಯ ತೀರ್ಪು 1980. ಮಗುವಿಗೆ ಹತ್ತು ವರ್ಷ ದಾಟಿತ್ತು, ಕೈಗೆ ಬಂದದ್ದು ಏನೂ ಇಲ್ಲ. ಕಾನೂನಿನ ವಿದ್ಯಾರ್ಥಿಗಳಿಗೆ ಇದು ಓದಲೇಬೇಕಾದ ಕೇಸು. ಆ ತಾಯಿಗೆ?

ಒಂದು ಮೆಷಿನ್ನು, ಒಂದು ಕಾಗದದ ಸುರುಳಿ

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೆಯೇ ಕಥೆ ನಡೀತಿತ್ತು. ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಹಾನ್ 1958ರಲ್ಲಿ ಹೆರಿಗೆ ಹೊತ್ತಿನಲ್ಲಿ ಮಗುವಿನ ಹೃದಯ ಬಡಿತವನ್ನು ಎಲೆಕ್ಟ್ರಾನಿಕ್ ಆಗಿ ಹಿಡಿಯೋ ವಿಧಾನ ಪ್ರಕಟಿಸಿದರು. 1968ರಲ್ಲಿ ಜರ್ಮನಿಯ ಹಮ್ಮಾಕರ್ ಅವರೊಂದಿಗೆ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ (ಹ್ಞೂಂ, ನಮ್ಮ ಪ್ರಿಂಟರ್ ಕಂಪನಿಯೇ) ಇಂಥ ಮಾನಿಟರನ್ನು ಮಾರುಕಟ್ಟೆಗೆ ತಂದಿತು. ಮೆಷಿನ್ನಿನಿಂದ ಉದ್ದಕ್ಕೆ ಕಾಗದದ ಸುರುಳಿ ಬರುತ್ತೆ. ಅದರಲ್ಲಿ ಮಗುವಿನ ಹೃದಯ ಬಡಿತ, ಅಮ್ಮನ ಹೆರಿಗೆ ನೋವು ಎರಡರ ಗೆರೆಗಳೂ ಇರುತ್ತವೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಹೆರಿಗೆಯ ಲಾಗ್ ಫೈಲ್.

ಮೆಷಿನ್ ತಂದ ಉದ್ದೇಶ ಉಸಿರು ಕಟ್ಟೋದನ್ನು ಮೊದಲೇ ಹಿಡಿದು, ಬೇಗ ಸಿಸೇರಿಯನ್ ಮಾಡಿ, ಸಿಪಿ ತಪ್ಪಿಸೋದು. ಆದರೆ ಆ ಸುರುಳಿ ಕೋರ್ಟಿನಲ್ಲೂ ಬಹಳ ಉಪಯೋಗಕ್ಕೆ ಬಂತು. 1985ರಲ್ಲಿ ಉತ್ತರ ಕೆರೋಲಿನಾದ ಯುವ ವಕೀಲ ಜಾನ್ ಎಡ್ವರ್ಡ್ಸ್ ಸಿಪಿ ಇದ್ದ ಒಂದು ಮಗುವಿನ ಪರ ವಾದಿಸುತ್ತಾ, ಆ ಸುರುಳಿಯನ್ನು ಹಿಡಿದು, ಹುಟ್ಟಲಿರುವ ಮಗುವೇ ಮಾತಾಡುತ್ತಿದೆಯೇನೋ ಅನ್ನೋ ಹಾಗೆ ಜ್ಯೂರಿ ಮುಂದೆ ಮಾತಾಡಿದರು. ಜ್ಯೂರಿ 65 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಇದೇ ಎಡ್ವರ್ಡ್ಸ್ ಮುಂದೆ ಸೆನೆಟರ್ ಆಗಿ, 2004ರಲ್ಲಿ ಉಪಾಧ್ಯಕ್ಷ ಹುದ್ದೆಗೆ ನಿಂತು ಸೋತವರು.

ಮುಂದಿನ ವರ್ಷವೇ ಅಂದರೆ 1986ರಲ್ಲಿ ಕ್ಯಾರಿನ್ ನೆಲ್ಸನ್ ಮತ್ತು ಜೋನಸ್ ಎಲೆನ್‌ಬರ್ಗ್ ಒಂದು ಅಧ್ಯಯನ ಪ್ರಕಟಿಸಿದರು. ಐವತ್ತು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಹಿಂಬಾಲಿಸಿದ ಅಮೆರಿಕದ ದೊಡ್ಡ ಯೋಜನೆಯ ದತ್ತಾಂಶ ಅದು. ಹುಟ್ಟಿದ ಮಕ್ಕಳಲ್ಲಿ 189 ಮಕ್ಕಳಿಗೆ ಸಿಪಿ ಇತ್ತು. ಹೆರಿಗೆ ಹೊತ್ತಿನ ತೊಂದರೆಗಳಿಂದ ವಿವರಿಸಬಹುದಾದ ಸಿಪಿ ತುಂಬಾ ಕಡಿಮೆ, ಹೆರಿಗೆಗೆ ಮುಂಚಿನ ಕಾರಣಗಳೇ ಹೆಚ್ಚು ಅಂತ ಕಂಡುಬಂತು. ಹೆಚ್ಚು ಕಮ್ಮಿ ಫ್ರಾಯ್ಡ್ ಗೆದ್ದ ಹಾಗೆ, ಎಂಬತ್ತೊಂಬತ್ತು ವರ್ಷ ತಡವಾಗಿ.

ಡಬ್ಲಿನ್‌ನಲ್ಲಿ ಆ ಮಾನಿಟರನ್ನೇ ಪರೀಕ್ಷೆಗೆ ಹಚ್ಚಿದರು. 12,964 ಹೆಂಗಸರು. ಕೆಲವರಿಗೆ ಮೆಷಿನ್, ಕೆಲವರಿಗೆ ನರ್ಸು ಆಗಾಗ ಕಿವಿಯಿಟ್ಟು ಕೇಳುವ ಹಳೆಯ ವಿಧಾನ. 1985ರಲ್ಲಿ ಬಂದ ಫಲಿತಾಂಶದಲ್ಲಿ ಮೆಷಿನ್ ಹಾಕಿದ ಕಡೆ ನವಜಾತ ಶಿಶುಗಳ ಫಿಟ್ಸ್ ಕಡಿಮೆಯಾಗಿತ್ತು. ಆದರೆ ನಾಲ್ಕು ವರ್ಷದ ಮೇಲೆ ಮಕ್ಕಳನ್ನು ನೋಡಿದರೆ ಸಿಪಿಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಮೆರಿಕದಲ್ಲಿ 1970ರಲ್ಲಿ ನೂರಕ್ಕೆ ಐದಾರು ಇದ್ದ ಸಿಸೇರಿಯನ್ ಈಗ ನೂರಕ್ಕೆ ಮೂವತ್ತು ದಾಟಿದೆ. ಸಿಪಿ ಅದಕ್ಕೆ ತಕ್ಕ ಹಾಗೆ ಇಳಿಯಲಿಲ್ಲ.

ಹಾಗಂತ "ಹೆರಿಗೆಯಲ್ಲಿ ತಪ್ಪಾಗೋದೇ ಇಲ್ಲ" ಅಂತಲ್ಲ! ಹೊಕ್ಕುಳಬಳ್ಳಿ ಜಾರಿ ಒತ್ತಿಹೋಗೋದು, ಗರ್ಭಕೋಶ ಹರಿಯೋದು, ಗಂಟೆಗಟ್ಟಲೆ ಯಾರೂ ಬಂದು ನೋಡದೆ ಇರೋದು, ಹುಟ್ಟಿದ ಮೇಲೆ ತೀವ್ರ ಕಾಮಾಲೆಯನ್ನು ಕಡೆಗಣಿಸೋದು, ಇವೆಲ್ಲ ಇಂದಿಗೂ ಮಿದುಳನ್ನು ಕೆಡಿಸುತ್ತವೆ. ಹಾಗಾಗಿ 1999ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ಹೆರಿಗೆಯಲ್ಲಿ ಆಮ್ಲಜನಕ ಕಮ್ಮಿಯಾದದ್ದೇ ಕಾರಣ ಅನ್ನೋಕೆ ಏನೇನು ಕಾಣಬೇಕು ಅಂತ ಪಟ್ಟಿ ಮಾಡಿದರು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಮ್ಲ ಒಂದು ಮಟ್ಟ ಮೀರಿರಬೇಕು (ಪಿಎಚ್ 7ಕ್ಕಿಂತ ಕಡಿಮೆ), ಹುಟ್ಟಿದ ಕೂಡಲೇ ಮಗುವಿನಲ್ಲಿ ಮಿದುಳಿನ ತೊಂದರೆಯ ಲಕ್ಷಣ ಕಾಣಬೇಕು, ಸಿಪಿ ಕೂಡ ಕೆಲವು ನಿರ್ದಿಷ್ಟ ಬಗೆಯದಾಗಿರಬೇಕು. ಕೋರ್ಟುಗಳಲ್ಲಿ ಎರಡೂ ಕಡೆಯ ತಜ್ಞರು ಇವತ್ತು ಜಗಳ ಆಡೋದು ಇಂಥ ಪಟ್ಟಿಗಳ ಸುತ್ತಲೇ.

ಈಗ ಯೋಚನೆ ಮಾಡಿ. ಆ ರಕ್ತಪರೀಕ್ಷೆಯನ್ನೇ ಮಾಡದ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ? ಪುರಾವೆ ಹುಟ್ಟೋದೇ ಇಲ್ಲ.

ತಪ್ಪನ್ನೂ ಆರೈಕೆಯನ್ನೂ ಬೇರೆ ಮಾಡಿದವರು

ಅಮೆರಿಕದಲ್ಲಿ ಪರಿಹಾರದ ಮೊತ್ತ ಏರಿದ ಹಾಗೆ ವಿಮಾ ಕಂಪನಿಗಳು ಹೆದರಿದವು. ವರ್ಜೀನಿಯಾದಲ್ಲಿ ಹೆರಿಗೆ ಡಾಕ್ಟರರಿಗೆ ಹೊಸ ಪಾಲಿಸಿ ಸಿಗೋದೇ ಕಷ್ಟವಾಯಿತು. ಆಗ 1987ರಲ್ಲಿ ಆ ರಾಜ್ಯ ಒಂದು ಹೊಸ ಕಾನೂನು ಮಾಡಿತು. ಹೆರಿಗೆ ಹೊತ್ತಿನಲ್ಲಿ ಮಿದುಳಿಗೆ ಅಥವಾ ಬೆನ್ನುಹುರಿಗೆ ತೀವ್ರ ಹಾನಿಯಾದ ಮಗುವಿಗೆ, ತಪ್ಪು ಯಾರದು ಅಂತ ಕೇಳದೆ, ಜೀವನಪೂರ್ತಿ ಚಿಕಿತ್ಸೆ ಮತ್ತು ಆರೈಕೆಯ ಖರ್ಚು ಕೊಡೋ ನಿಧಿ. ಹಣ ಕಟ್ಟೋರು ವೈದ್ಯರು, ಆಸ್ಪತ್ರೆಗಳು. ಬದಲಿಗೆ ಕುಟುಂಬ ಕೇಸು ಹಾಕೋ ಹಕ್ಕು ಬಿಡಬೇಕು. 1988ರಲ್ಲಿ ಫ್ಲೋರಿಡಾ ಕೂಡ ಇಂಥದ್ದೇ ಕಾನೂನು ತಂದಿತು.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಬಾಗಿಲು ಬಹಳ ಕಿರಿದು. ತೀರಾ ತೀವ್ರ ಹಾನಿ ಇರೋ ಮಕ್ಕಳಿಗಷ್ಟೇ ಪ್ರವೇಶ. ಒಳಗೆ ಹೋದ ಮೇಲೂ ನೆಮ್ಮದಿ ಇಲ್ಲ. ಫ್ಲೋರಿಡಾದ ಯೋಜನೆ ಔಷಧ, ಗಾಲಿಕುರ್ಚಿ, ಥೆರಪಿಗೂ ಕುಟುಂಬಗಳನ್ನು ಹೇಗೆ ಗೋಳು ಹೊಯ್ದುಕೊಂಡಿತು ಅಂತ 2021ರಲ್ಲಿ ಮಯಾಮಿ ಹೆರಾಲ್ಡ್ ಮತ್ತು ಪ್ರೊಪಬ್ಲಿಕಾ ಸೇರಿ ಸರಣಿ ವರದಿ ಬರೆದವು. ಅದೇ ವರ್ಷ ಅಲ್ಲಿನ ಶಾಸಕಾಂಗ ಕಾನೂನು ತಿದ್ದಿ, ತಂದೆತಾಯಿಗೆ ಕೊಡುವ ಮೊತ್ತವನ್ನು 1 ಲಕ್ಷ ಡಾಲರಿನಿಂದ 2.5 ಲಕ್ಷಕ್ಕೆ ಏರಿಸಿತು. ನಿಧಿ ಇದ್ದರೆ ಸಾಲದು, ಅದನ್ನು ನಡೆಸೋರ ಮೇಲೆ ಯಾರದಾದರೂ ಕಣ್ಣೂ ಇರಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಪಾನಿನ ದಾರಿ. 2006ರಲ್ಲಿ ಫುಕುಷಿಮಾದಲ್ಲಿ, ಸಿಸೇರಿಯನ್ ವೇಳೆ ತಾಯಿ ತೀರಿಕೊಂಡ ಪ್ರಕರಣದಲ್ಲಿ ಒಬ್ಬ ಹೆರಿಗೆ ಡಾಕ್ಟರನ್ನು ಪೊಲೀಸರು ಬಂಧಿಸಿದರು. 2008ರಲ್ಲಿ ಅವರು ನಿರ್ದೋಷಿ ಅಂತ ತೀರ್ಪಾಯಿತು. ಆದರೆ ಅಷ್ಟರಲ್ಲಿ ದೇಶದಾದ್ಯಂತ ಹೆರಿಗೆ ಡಾಕ್ಟರಾಗೋಕೇ ಜನ ಹೆದರೋ ವಾತಾವರಣ. ಈ ಹಿನ್ನೆಲೆಯಲ್ಲಿ 2009ರ ಜನವರಿಯಿಂದ ಸಿಪಿಗೆ ಅಂತಲೇ ಒಂದು ಪರಿಹಾರ ವ್ಯವಸ್ಥೆ ಶುರುವಾಯಿತು. ಅರ್ಹ ಮಗುವಿಗೆ ಒಟ್ಟು 3 ಕೋಟಿ ಯೆನ್: ಮೊದಲು 60 ಲಕ್ಷ, ಆಮೇಲೆ ವರ್ಷಕ್ಕೆ 12 ಲಕ್ಷದಂತೆ 20 ವರ್ಷ. ಕೇಸು ಹಾಕೋ ಹಕ್ಕು ಹಾಗೇ ಉಳಿಯುತ್ತೆ. ಕೋರ್ಟಿನಲ್ಲಿ ಗೆದ್ದರೆ ಎರಡರ ಲೆಕ್ಕ ಹೊಂದಿಸಿಕೊಳ್ಳುತ್ತಾರೆ.

ಅದರ ಜೊತೆ ಇನ್ನೊಂದಿದೆ. ಪ್ರತಿ ಮಗುವಿನ ಪ್ರಕರಣವನ್ನೂ ತಜ್ಞರ ತಂಡ ಕೂತು ಪರಿಶೀಲಿಸಿ, ಯಾಕೆ ಹೀಗಾಯಿತು ಅಂತ ವರದಿ ಬರೆದು, ಕುಟುಂಬಕ್ಕೂ ಆಸ್ಪತ್ರೆಗೂ ಕೊಡುತ್ತೆ. ಹೆಸರು ತೆಗೆದ ಸಾರಾಂಶ ಸಾರ್ವಜನಿಕವಾಗಿ ಸಿಗುತ್ತೆ. ಆನ್‌ಕಾಲ್ ಮಾಡಿರೋ ಗೆಳೆಯರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ :) ನಾವು ಔಟೇಜ್ ಆದ ಮೇಲೆ ಯಾರನ್ನೂ ಬೈಯದೆ ಬರೆಯೋ ಪೋಸ್ಟ್‌ಮಾರ್ಟಮ್ ಇದೆಯಲ್ಲ, ಥೇಟ್ ಅದೇ. ಎಷ್ಟೋ ಅಪ್ಪ-ಅಮ್ಮಂದಿರು ಕೋರ್ಟಿಗೆ ಹೋಗೋದು ದುಡ್ಡಿಗಿಂತ ಹೆಚ್ಚಾಗಿ "ಆ ಕೋಣೆಯೊಳಗೆ ಏನಾಯಿತು ಅಂತ ಯಾರೂ ನಮಗೆ ಹೇಳಲಿಲ್ಲ" ಅನ್ನೋ ಸಂಕಟಕ್ಕೆ. ಜಪಾನ್ ಆ ಸಂಕಟಕ್ಕೂ ಒಂದು ಬಾಗಿಲು ತೆರೆಯಿತು. ಇದಕ್ಕೂ ಮಿತಿಗಳಿವೆ: ಹುಟ್ಟಿನಿಂದಲೇ ಬಂದ ಇತರ ಕಾರಣಗಳಿದ್ದರೆ ಸಿಗಲ್ಲ, ತೀವ್ರ ಸಿಪಿಗೆ ಮಾತ್ರ, ಮಗುವಿಗೆ ಐದು ವರ್ಷ ತುಂಬುವುದರೊಳಗೆ ಅರ್ಜಿ ಹಾಕಬೇಕು. ಆದರೆ 2015ರಲ್ಲಿ, ಮತ್ತೆ 2022ರಲ್ಲಿ ನಿಯಮ ಸಡಿಲಿಸಿ ಅವಧಿಗೆ ಮುಂಚೆ ಹುಟ್ಟಿದ ಇನ್ನಷ್ಟು ಮಕ್ಕಳನ್ನು ಒಳಗೆ ತಂದರು.

"ನನಗೆ ಯಾಕೆ ಹೇಳಲಿಲ್ಲ?"

ಇತ್ತ ಬ್ರಿಟನ್ನಿನಲ್ಲಿ ಇನ್ನೊಂದು ದೊಡ್ಡ ತಿರುವು 2015ರ ಮಾರ್ಚ್ 11ರಂದು ಬಂತು. ಮಾಂಟ್‌ಗೋಮರಿ ಕೇಸು. ಸ್ಕಾಟ್ಲೆಂಡಿನ ತಾಯಿ, ಕುಳ್ಳಗಿನ ಮೈಕಟ್ಟು, ಸಕ್ಕರೆ ಕಾಯಿಲೆ. ಇಂಥ ತಾಯಂದಿರಿಗೆ ಮಗು ದಪ್ಪವಾಗಿ, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯ ನೂರಕ್ಕೆ 9-10. ವೈದ್ಯರು ಇದನ್ನು ಹೇಳಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ ಅನ್ನೋದು ಅವರ ಲೆಕ್ಕ. 1999ರ ಅಕ್ಟೋಬರಿನಲ್ಲಿ ಹೆರಿಗೆ ಹೊತ್ತಿಗೆ ಭುಜ ಸಿಕ್ಕಿಕೊಂಡೇಬಿಟ್ಟಿತು. ಮಗು ಪೂರ್ತಿ ಹೊರಬರಲು 12 ನಿಮಿಷ. ಮಗುವಿಗೆ ಸಿಪಿ ಆಯಿತು.

ಕೆಳಗಿನ ಕೋರ್ಟುಗಳಲ್ಲಿ ತಾಯಿ ಸೋತರು. ಹದಿನೈದು ವರ್ಷ ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ತಾಯಿಯ ಪರ ನಿಂತರು. ರೋಗಿಗೆ ಯಾವ ಅಪಾಯ ಹೇಳಬೇಕು ಅನ್ನೋದನ್ನು ವೈದ್ಯರ ಗುಂಪು ತೀರ್ಮಾನಿಸೋದಲ್ಲ, ಆ ಸ್ಥಿತಿಯಲ್ಲಿರೋ ಮನುಷ್ಯರಿಗೆ ಯಾವುದು ಮುಖ್ಯ ಅನಿಸುತ್ತೋ ಅದನ್ನು ಹೇಳಬೇಕು ಅಂತ ತೀರ್ಪು. ಪರಿಹಾರ 52.5 ಲಕ್ಷ ಪೌಂಡ್. ಅಲ್ಲಿಗೆ ಬ್ರಿಟನ್ನಿನಲ್ಲಿ, ಅಪಾಯ ತಿಳಿಸೋ ವಿಷಯದಲ್ಲಾದರೂ, ಬೋಲಮ್ ಗೋಡೆ ಬಿತ್ತು.

ನಮ್ಮಲ್ಲಿ?

ನಮ್ಮ ದೇಶದಲ್ಲಿ ಕಥೆ ಬದಲಾದದ್ದು 1995ರ ನವೆಂಬರ್ 13ರಂದು. ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ವಿರುದ್ಧ ವಿ.ಪಿ. ಶಾಂತಾ ಕೇಸಿನಲ್ಲಿ, ದುಡ್ಡು ಕೊಟ್ಟು ಪಡೆಯೋ ವೈದ್ಯಕೀಯ ಸೇವೆ 1986ರ ಗ್ರಾಹಕ ರಕ್ಷಣಾ ಕಾಯ್ದೆಯೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡೋ ಆಸ್ಪತ್ರೆ ಇದರ ಹೊರಗೆ. ಕೆಲವರ ಹತ್ತಿರ ದುಡ್ಡು ತಗೊಂಡು ಕೆಲವರಿಗೆ ಪುಕ್ಕಟೆ ಕೊಟ್ಟರೆ, ಪುಕ್ಕಟೆ ಪಡೆದವರೂ ಗ್ರಾಹಕರೇ. ಸಂಪೂರ್ಣ ಉಚಿತ ಸರ್ಕಾರಿ ಆಸ್ಪತ್ರೆಯಾದರೆ ಸಿವಿಲ್ ಕೋರ್ಟಿನ ದಾರಿ ಇದೆ. ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಯ ನಿರ್ಲಕ್ಷ್ಯಕ್ಕೆ ಸರ್ಕಾರ ಹೊಣೆ ಅಂತ 1996ರಲ್ಲೇ ತೀರ್ಪಾಗಿದೆ.

1998ರ ಸ್ಪ್ರಿಂಗ್ ಮೆಡೋಸ್ ಕೇಸು ಕೂಡ ನೆನಪಿಡಬೇಕಾದದ್ದು. ಅದು ಹೆರಿಗೆಯದಲ್ಲ, ತಪ್ಪು ಇಂಜೆಕ್ಷನ್ನಿನಿಂದ ಮಗುವಿನ ಮಿದುಳು ಕೆಟ್ಟ ಕೇಸು. ಚಿಕಿತ್ಸೆ ಪಡೆದ ಮಗುವೂ ಗ್ರಾಹಕ, ದುಡ್ಡು ಕೊಟ್ಟ ಅಪ್ಪ-ಅಮ್ಮನೂ ಗ್ರಾಹಕರು, ಇಬ್ಬರಿಗೂ ಬೇರೆ ಬೇರೆ ಪರಿಹಾರ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಗುವಿಗೆ 12.5 ಲಕ್ಷ, ತಂದೆತಾಯಿಯ ಮಾನಸಿಕ ಯಾತನೆಗೆ 5 ಲಕ್ಷ.

ಆಮೇಲೆ ತಕ್ಕಡಿ ವೈದ್ಯರ ಕಡೆಗೂ ವಾಲಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಕ್ರಿಮಿನಲ್ ಕೇಸಿಗೆ ತೀರಾ ಘೋರವಾದ ನಿರ್ಲಕ್ಷ್ಯವೇ ಇರಬೇಕು. 2008ರ ಸಮೀರಾ ಕೊಹ್ಲಿ ತೀರ್ಪು, ಎಷ್ಟು ಮಾಹಿತಿ ಕೊಡಬೇಕು ಅನ್ನೋದರಲ್ಲಿ ಬೋಲಮ್ ಮಾದರಿಯನ್ನೇ ಭಾರತಕ್ಕೆ ಸರಿ ಅಂದಿತು. 2010ರ ವಿ. ಕಿಶನ್ ರಾವ್ ತೀರ್ಪು ಮಾತ್ರ, ಎಲ್ಲ ಕೇಸಿಗೂ ತಜ್ಞರ ಸಾಕ್ಷ್ಯ ಕಡ್ಡಾಯ ಅಲ್ಲ ಅಂತ ಜನರಿಗೆ ಸ್ವಲ್ಪ ಉಸಿರು ಕೊಟ್ಟಿತು. ಆದರೆ ಸಿಪಿ ಕೇಸಿನಲ್ಲಿ ಕಾರಣ ತೋರಿಸೋಕೆ ತಜ್ಞರಿಲ್ಲದೆ ದಾಟೋದು ಬಹಳ ಕಷ್ಟ.

ಈಗ ಇರೋದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಯಾವ ಆಯೋಗಕ್ಕೆ ಹೋಗಬೇಕು ಅನ್ನೋದನ್ನು ಕೇಳೋ ಪರಿಹಾರ ನೋಡಿ ತೀರ್ಮಾನಿಸೋದಿಲ್ಲ, ನೀವು ಕೊಟ್ಟ ಫೀಸು ನೋಡ್ತಾರೆ. 50 ಲಕ್ಷದವರೆಗಿನ ಫೀಸು ಅಂದರೆ ಜಿಲ್ಲಾ ಆಯೋಗ, ಹಾಗಾಗಿ ಹೆರಿಗೆಯ ದೂರು ಹೆಚ್ಚುಕಮ್ಮಿ ಎಲ್ಲವೂ ಜಿಲ್ಲೆಯಲ್ಲೇ ಶುರು. ಫೀಸು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಕಾಲಮಿತಿ 2 ವರ್ಷ, ತಡವಾದರೆ ಸರಿಯಾದ ಕಾರಣ ಕೊಟ್ಟು ಒಪ್ಪಿಸಬೇಕು. ಸಿವಿಲ್ ದಾವೆಯಾದರೆ 1963ರ ಕಾಲಮಿತಿ ಕಾಯ್ದೆ ಮಕ್ಕಳಿಗೆ ರಿಯಾಯಿತಿ ಕೊಡುತ್ತೆ, 18 ತುಂಬಿದ ಮೇಲೂ ಗರಿಷ್ಠ 3 ವರ್ಷ. ಇನ್ನು ನಮ್ಮ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರೆ ಅಲ್ಲಿ ವಿಚಾರಣೆಯಾಗೋದು ಡಾಕ್ಟರ ನಡತೆ ಮತ್ತು ಲೈಸೆನ್ಸು, ಪರಿಹಾರದ ದುಡ್ಡು ಅಲ್ಲಿ ಸಿಗೋದಿಲ್ಲ.

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಇಟ್ಟುಕೊಂಡರೆ ಸಾಕು. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇನ್ನೊಂದು ಕಡೆ, ಸಿಪಿ ಇದೆ ಅಂತ ಖಚಿತವಾಗಿ ಗೊತ್ತಾಗೋದೇ ಎಷ್ಟೋ ಮಕ್ಕಳಲ್ಲಿ ಒಂದು-ಎರಡು ವರ್ಷದ ಹೊತ್ತಿಗೆ. ಕತ್ತು ನಿಲ್ಲಲಿಲ್ಲ, ಕೂರಲಿಲ್ಲ, "ಗಂಡು ಮಕ್ಕಳು ಸ್ವಲ್ಪ ನಿಧಾನ" ಅಂತ ಅಜ್ಜಿ ಸಮಾಧಾನ ಹೇಳುತ್ತಾ ಇರುವಾಗಲೇ ಎರಡು ವರ್ಷ ಉರುಳಿರುತ್ತೆ. ಕಾನೂನು ಮಗುವಿಗೆ 21ರವರೆಗೆ ಸಮಯ ಕೊಡುತ್ತೆ, ಆದರೆ ಲಾಗ್ ಫೈಲ್ ಮೂರೇ ವರ್ಷಕ್ಕೆ ಡಿಲೀಟ್! ಹೆರಿಗೆಯ ಕೇಸ್ ಶೀಟು, ಆ ಹೃದಯ ಬಡಿತದ ಸುರುಳಿ, ಮಗುವನ್ನು ಐಸಿಯುನಲ್ಲಿ ಇಟ್ಟಿದ್ದರೆ ಅದರ ದಾಖಲೆ, ಎಲ್ಲದರ ಪ್ರತಿಯನ್ನು ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಮೊದಲು ತಗೊಳ್ಳಿ. ಕೇಸು ಹಾಕ್ತೀರೋ ಬಿಡ್ತೀರೋ ಆಮೇಲಿನ ಮಾತು. ಮಗುವನ್ನು ನೋಡೋ ಮುಂದಿನ ಡಾಕ್ಟರಿಗೂ ಅದು ಬೇಕೇ ಬೇಕು.

ಕೇಸಿಗೆ ಕಾಯದೆ ಸಿಗೋ ಹಕ್ಕುಗಳು

ನಮ್ಮಲ್ಲಿ ಜಪಾನಿನಂಥ ನಿಧಿ ಇಲ್ಲ. ಆದರೆ ತಪ್ಪು ಯಾರದು ಅಂತ ಕೇಳದೆ ಮಗುವನ್ನು ಮಗುವಾಗಿ ನೋಡೋ ಕಾನೂನುಗಳು ಇವೆ, ಮತ್ತು ಅವು ತಾವಾಗಿ ಬಂದವಲ್ಲ. 1972ರಲ್ಲಿ ಮುಂಬಯಿಯಲ್ಲಿ ಮಿಥು ಅಲೂರ್ ಅನ್ನೋ ತಾಯಿ ತನ್ನ ಮಗಳಂಥ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಸಿಪಿ, ಚಲನೆಯ ಅಂಗವೈಕಲ್ಯದ ಒಳಗೆ ಒಂದು ಮಾತಾಗಿ ಬಂತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಸಿಪಿಯನ್ನು ಹೆಸರು ಹಿಡಿದೇ ಕರೆಯಿತು. ಮಗುವಿಗೆ 18 ಆದ ಮೇಲೆ, "ನಾವಿಲ್ಲದಾಗ ಇವನ ಗತಿ ಏನು" ಅನ್ನೋ ಪ್ರಶ್ನೆಗೆ ಕಾನೂನುಬದ್ಧ ಪಾಲಕರನ್ನು ನೇಮಿಸೋ ಸ್ಥಳೀಯ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕು. ಇದೇ ಟ್ರಸ್ಟಿನ 'ನಿರಾಮಯ' ವಿಮೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿ ಖರ್ಚು ಕೊಡುತ್ತೆ. 2016ರ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಸಿಪಿ ಇದೆ. ಶೇಕಡಾ 40 ಮತ್ತು ಹೆಚ್ಚು ಅಂಗವೈಕಲ್ಯ ಇರೋ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು.

ಇವೆಲ್ಲ ಸಾಲುತ್ತಾ ಅಂದರೆ, ಇಲ್ಲ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗೋ ಮನೆಯವರಿಗೆ ವರ್ಷಕ್ಕೆ 1 ಲಕ್ಷ ಎಷ್ಟು ಬೇಗ ಕರಗುತ್ತೆ ಅಂತ ಹತ್ತಿರದಿಂದ ನೋಡಿದ್ದೀನಿ. ಆದರೆ ಪ್ರಮಾಣಪತ್ರ, ಗುರುತಿನ ಚೀಟಿ, ವಿಮೆ ಇವಕ್ಕೆ ಯಾವ ಡಾಕ್ಟರ ತಪ್ಪನ್ನೂ ಸಾಬೀತು ಮಾಡಬೇಕಾಗಿಲ್ಲ. ಇವತ್ತೇ ಶುರು ಮಾಡಬಹುದು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಕುಟುಂಬದ ಮುಂದೆ ಇರೋದು ಎರಡು ಪ್ರಶ್ನೆ. ಯಾಕೆ ಹೀಗಾಯಿತು? ಇನ್ನು ಮುಂದೆ ಮಗುವನ್ನು ನೋಡಿಕೊಳ್ಳೋದು ಹೇಗೆ? ಲಿಟಲ್ ಮತ್ತು ಫ್ರಾಯ್ಡ್ ಕಾಲದಿಂದ ಇವತ್ತಿನವರೆಗೂ ಮೊದಲ ಪ್ರಶ್ನೆಗೆ ಎಷ್ಟೋ ಮಕ್ಕಳ ವಿಷಯದಲ್ಲಿ ಖಚಿತ ಉತ್ತರ ಸಿಕ್ಕಿಲ್ಲ. ಕೋರ್ಟು ಎರಡನೇ ಪ್ರಶ್ನೆಯನ್ನು ಮೊದಲನೆಯದಕ್ಕೆ ಗಂಟು ಹಾಕುತ್ತೆ: ಕಾರಣ ತೋರಿಸಿದರೆ ಕೋಟಿ, ಇಲ್ಲದಿದ್ದರೆ ಸೊನ್ನೆ. ಅಕ್ಕಪಕ್ಕದ ಮಂಚದಲ್ಲಿ ಒಂದೇ ರೀತಿ ಮಲಗಿರೋ ಎರಡು ಮಕ್ಕಳಲ್ಲಿ ಒಬ್ಬನಿಗೆ ಎಲ್ಲ, ಇನ್ನೊಬ್ಬನಿಗೆ ಏನೂ ಇಲ್ಲ. ನಿಜವಾಗಿ ನಿರ್ಲಕ್ಷ್ಯ ಆಗಿದ್ದರೆ ಕೇಸು ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ತಾಯಿಗೆ ಹಾಗಾಗದಿರಲಿ ಅಂತಲಾದರೂ. ಆದರೆ ಮಗುವಿನ ಥೆರಪಿ, ಶಾಲೆ, ಗಾಲಿಕುರ್ಚಿ ಆ ತೀರ್ಪಿಗೆ ಕಾಯಬಾರದು. ಹತ್ತು ವರ್ಷ ಕಾಯೋ ಶಕ್ತಿ ಕಾನೂನಿಗಿದೆ, ಬೆಳೆಯೋ ಮೈಗೆ ಇಲ್ಲ.

"ಕೇಸು ಹಾಕಬೇಕಿತ್ತು" ಅನ್ನೋರಿಗೂ "ಹಣೆಬರಹ" ಅನ್ನೋರಿಗೂ ಇನ್ನು ಮುಂದೆ ನಾನು ಹೇಳೋದು ಒಂದೇ: ಮೊದಲು ಆಸ್ಪತ್ರೆಯಿಂದ ಕಾಗದ ತಗೊಂಡ್ರಾ?

ನಿಮ್ಮ ಬಳಗದಲ್ಲಿ ಇಂಥ ಮಕ್ಕಳಿದ್ದರೆ ಆ ದಾಖಲೆಯ ಮಾತನ್ನಾದರೂ ಅವರಿಗೆ ತಲುಪಿಸಿ. ನಿಮ್ಮ ಜಿಲ್ಲೆಯಲ್ಲಿ ನ್ಯಾಷನಲ್ ಟ್ರಸ್ಟಿನ ಸ್ಥಳೀಯ ಸಮಿತಿ ಹೇಗೆ ಕೆಲಸ ಮಾಡ್ತಿದೆ ಅಂತ ಅನುಭವ ಇದ್ದವರು ಕೆಳಗೆ ಬರೆಯಿರಿ, ಓದಿದ ನಾಲ್ಕು ಜನಕ್ಕೆ ದಾರಿ ತಿಳಿಯುತ್ತೆ.